ಸಿಟ್ಟು ಬಂದಾಗ ಮಣ್ಣು ಹಿಡಿಯಿರಿ

ಮಕ್ಕಳೇ, ಲೆಕ್ಕ ತಪ್ಪಾದಾಗ, ಆಟದಲ್ಲಿ ಸೋತಾಗ, ಶಾಲೆಯ ಬಸ್ಸು ತಪ್ಪಿಹೋದಾಗ ನಿಮಗೆ ಸಿಟ್ಟು ಬರುತ್ತದೆ, ಅಲ್ಲವೇ? ಅಂಥ ದಿನ ಸಂಜೆ ಒಂದು ಹಿಡಿ ಜೇಡಿಮಣ್ಣು ಕಲಸಿ ಪುಟ್ಟ ಕುಡಿಕೆ ಮಾಡಿ ನೋಡಿ. ಮಣ್ಣಾಟದಿಂದ ಓದು ಹಾಳಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಅದೂ ಒಂದು ಪಾಠವೇ.

ಮಣ್ಣು ಅವಸರವನ್ನು ಸಹಿಸದು. ಜೋರಾಗಿ ಒತ್ತಿದರೆ ಕುಡಿಕೆಯ ಅಂಚು ಕುಸಿಯುತ್ತದೆ. ಬಿಸಿಲಿಗಿಟ್ಟರೆ ಒಂದು ಕಡೆ ಬೇಗ ಒಣಗಿ ಬಿರುಕು ಬಿಡುತ್ತದೆ. ಆದ್ದರಿಂದ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಹೀಗೆ ಮನಸ್ಸು ಮಣ್ಣಿನ ಮೇಲಿರುವಾಗ ಸಿಟ್ಟು ತಾನಾಗಿ ಇಳಿಯುತ್ತದೆ. ಸುಡುವ ಮೊದಲು ಕುಡಿಕೆ ಒಡೆದರೂ ಚಿಂತೆಯಿಲ್ಲ. ಚೂರುಗಳನ್ನು ನೆನೆಸಿ, ಕಲಸಿ ಮತ್ತೆ ಮಾಡಬಹುದು. ಸುಟ್ಟ ಮೇಲೆ ಮಾತ್ರ ಅದು ಮೆತ್ತಗಾಗದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಅರ್ಥ ಆಗ ನಿಮಗೇ ತಿಳಿಯುತ್ತದೆ.

ಕೈ ದುಡಿಯುವಾಗ ಪ್ರಶ್ನೆಗಳೂ ಹುಟ್ಟುತ್ತವೆ. ಮಣ್ಣಿನ ಹೂಜಿಯ ನೀರು ಏಕೆ ತಂಪು? ಹೂಜಿಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಒಡೆದ ಮಡಕೆಯಿಂದ ಏನು ಪ್ರಯೋಜನ? ನಮ್ಮ ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕೀಳಡಿಯಲ್ಲಿ 2015ರಲ್ಲಿ ಉತ್ಖನನ ಆರಂಭವಾಯಿತು. ಅಲ್ಲಿ ಜನರ ಹೆಸರುಗಳನ್ನು ಕೊರೆದ ಮಡಕೆಯ ಚೂರುಗಳು ಸಿಕ್ಕಿವೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ಊರಿನವರು ಅಕ್ಷರ ಬಲ್ಲವರಾಗಿದ್ದರೆಂದು ಆ ಚೂರುಗಳೇ ಹೇಳುತ್ತವೆ.

ಓದು ಬೇಕು, ಬರಹ ಬೇಕು. ಜೊತೆಗೆ ಕೈಗೆ ಒಂದು ಕೆಲಸವೂ ಬೇಕು. ನಿಮ್ಮ ಮೊದಲ ಕುಡಿಕೆ ಸೊಟ್ಟಗಾದರೂ ಎಸೆಯಬೇಡಿ. ಎರಡನೆಯದನ್ನು ಮಾಡಿ, ಎರಡನ್ನೂ ಜೊತೆಗಿಟ್ಟು ನೋಡಿ.