ಸುಡಬೇಕಾದದ್ದು ಸುಡದಿದ್ದಾಗ

ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳುವವನಿಗೆ ಮೋಟಾರುಗಾಡಿಯ ವಿದ್ಯುತ್ತಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಒಂದು ತಿಂಗಳ ಹಿಂದಾಗಿದ್ದರೆ ನಾನೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದೆ. ಆದರೆ ಆಗುಂಬೆ ಘಾಟಿಯ ಇಳಿಜಾರಿನಲ್ಲಿ, ಧಾರಾಕಾರವಾಗಿ ಸುರಿಯುವ ಮಳೆಯಲ್ಲಿ, ಎದುರಿನ ಗಾಜು ಸುಣ್ಣ ಬಳಿದಂತೆ ಬೆಳ್ಳಗಾಗಿ, ರಸ್ತೆಯೂ ಕಾಣದೆ ಕಣಿವೆಯೂ ಕಾಣದೆ ಕುಳಿತ ಮೇಲೆ, ನನ್ನ ವಿದ್ಯೆಯ ಎಲ್ಲೆ ಮಾತ್ರ ನನಗೆ ಚೆನ್ನಾಗಿ ಕಂಡಿತು.

ಶಿವಮೊಗ್ಗದಿಂದ ತೀರ್ಥಹಳ್ಳಿಯ ಮೇಲೆ ಉಡುಪಿಗೆ ಹೊರಟಿದ್ದೆವು. ಗಾಡಿಯಲ್ಲಿ ನಾನು, ನನ್ನ ಹೆಂಡತಿ, ಐದು ವರ್ಷದ ಮಗಳು. ಹಿಂದಿನ ಸೀಟಿನಲ್ಲಿ ನನ್ನ ತಾಯಿ. ಗಾಡಿ ಹಳೆಯದು. ಅದರ ಹವಾನಿಯಂತ್ರಣದ ಬ್ಲೋವರ್, ಎಂದರೆ ಗಾಳಿ ಬೀಸುವ ಪಂಖ, ಯುಗಾದಿಯ ಹೊತ್ತಿಗೇ ತಕರಾರು ತೆಗೆದಿತ್ತು. ಗುಂಡಿಯಲ್ಲಿ ನಾಲ್ಕು ಅಂಕಿಗಳಿವೆ. ಒಂದು, ಎರಡು, ಮೂರಕ್ಕೆ ತಿರುಗಿಸಿದರೆ ಮೌನ. ನಾಲ್ಕಕ್ಕೆ ತಿರುಗಿಸಿದರೆ ಬಿರುಗಾಳಿ. ನಮ್ಮೂರಿನ ಒಬ್ಬ ರಿಪೇರಿಯವನು ಒಳಗಿನ ರೆಸಿಸ್ಟರ್ ಎಂಬುದನ್ನು ಬದಲಾಯಿಸಿದ, ಸರಿಹೋಯಿತು. ತಿಂಗಳೊಳಗೆ ಅದು ಮತ್ತೆ ಸುಟ್ಟಿತು. ಜೊತೆಗೆ ಫ್ಯೂಸೂ ಹೋಯಿತು. ಅವನು ಎರಡನ್ನೂ ಹೊಸದು ಹಾಕಿ, “ಇನ್ನು ಸುಡುವುದಿಲ್ಲ ಸಾರ್, ಫ್ಯೂಸು ಸ್ವಲ್ಪ ದೊಡ್ಡದನ್ನೇ ಹಾಕಿದ್ದೇನೆ” ಎಂದ. ದೊಡ್ಡದು ಎಂಬ ಮಾತು ಕಿವಿಗೆ ಹಿತವಾಗಿತ್ತು. ದುಡ್ಡು ಕೊಟ್ಟು ಬಂದೆ.

ಆಮೇಲೆ ಎರಡು ಮೂರು ಸಲ ನನ್ನ ತಾಯಿ, “ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲೋ” ಎಂದಿದ್ದರು. “ಮುಂದಿನ ಲಾರಿಯದಮ್ಮಾ” ಎಂದು ನಾನು ಉತ್ತರ ಹೇಳಿದ್ದೆ. ವಯಸ್ಸಾದವರ ಮಾತಿಗೆ ನಾವು ಹೀಗೆ ಸಿದ್ಧ ಉತ್ತರಗಳನ್ನು ಇಟ್ಟುಕೊಂಡಿರುತ್ತೇವೆ.

ಆಗುಂಬೆಯ ಘಾಟಿಗೆ ಹದಿನಾಲ್ಕು ತಿರುವುಗಳು. ಅರ್ಧ ಇಳಿದಿರಬೇಕು, ಬ್ಲೋವರಿನ ಸದ್ದು ನಿಂತುಹೋಯಿತು. ಯಾವ ಅಂಕಿಗೂ ಗಾಳಿಯಿಲ್ಲ. ಚಳಿಯ ದಿನ, ಗಾಳಿ ಇಲ್ಲದಿದ್ದರೇನು ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡೆ. ಅರ್ಧ ನಿಮಿಷದಲ್ಲಿ ಗಾಜಿನ ಒಳಮೈ ಮಂಜಾಯಿತು. ನಾಲ್ವರ ಉಸಿರಿನ ತೇವ, ದಾರಿಯಲ್ಲಿ ಕಾಫಿಗೆ ಇಳಿದಾಗ ನೆನೆದ ಬಟ್ಟೆಗಳ ತೇವ, ಎಲ್ಲವೂ ಮಳೆಯಿಂದ ತಣ್ಣಗಾಗಿದ್ದ ಗಾಜಿನ ಮೇಲೆ ಹನಿಗಟ್ಟತೊಡಗಿತು. ಹವಾನಿಯಂತ್ರಣದ ತಣ್ಣನೆಯ ಸುರುಳಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ನಿಂತ ಗಾಡಿಯ ಕೆಳಗೆ ತೊಟ್ಟಿಕ್ಕುವ ನೀರು ಅದೇ. ಹಾಗೆ ಒಣಗಿದ ಗಾಳಿಯನ್ನು ಗಾಜಿಗೆ ಬೀಸಿ, ಅದನ್ನು ತಿಳಿಯಾಗಿಡುವ ಕೆಲಸ ಬ್ಲೋವರಿನದು. ಬೇಸಗೆಯಲ್ಲಿ ಅದು ಸುಖದ ಸಾಧನ. ಮಳೆಯ ಘಾಟಿಯಲ್ಲಿ ಅದು ಕಣ್ಣು.

ಹೆಂಡತಿ ಸೆರಗಿನಿಂದ ಗಾಜನ್ನು ಒರೆಸಿದಳು. ಒರೆಸಿದಷ್ಟೂ ಮತ್ತೆ ಮುಸುಕಿತು. ಕೆಳಗಿನಿಂದ ಏರಿ ಬರುತ್ತಿದ್ದ ವಾಹನವೊಂದರ ದೀಪಗಳು ಗಾಜಿನ ತುಂಬ ಹರಡಿ, ಅದು ಬಲಕ್ಕಿದೆಯೋ ಎಡಕ್ಕಿದೆಯೋ ತಿಳಿಯದಾಯಿತು. ಬ್ರೇಕು ತುಳಿದು ನಿಂತೆ. ಅದು ನಮ್ಮನ್ನು ಸವರಿದಂತೆ ಹಾದುಹೋಯಿತು. ಯಾರೂ ಮಾತಾಡಲಿಲ್ಲ. ಆಗ ನನ್ನ ತಾಯಿ, “ಕಿಟಕಿ ಇಳಿಸು, ನೆನೆದರೆ ಸಾಯುವುದಿಲ್ಲ” ಎಂದರು. ನಾಲ್ಕೂ ಕಿಟಕಿಗಳನ್ನು ಇಳಿಸಿದೆವು. ಹೊರಗಿನ ಗಾಳಿಯಾಡಿ ಗಾಜು ಮೆಲ್ಲನೆ ತಿಳಿಯಾಯಿತು. ಎಲ್ಲರೂ ತೊಯ್ದು ತೊಪ್ಪೆಯಾಗಿ, ಆಮೆಯ ವೇಗದಲ್ಲಿ ಸೋಮೇಶ್ವರ ತಲಪಿದೆವು.

ಮರುದಿನ ಉಡುಪಿಯಲ್ಲಿ ಪರಿಚಿತರೊಬ್ಬರು ಒಬ್ಬ ಮುದುಕ ಮಿಸ್ತ್ರಿಯ ಬಳಿಗೆ ಕಳುಹಿಸಿದರು. ತಗಡಿನ ಮಾಡು, ಒಂದು ಬೆಂಚು, ಗೋಡೆಗೆ ನೇತುಹಾಕಿದ ತಂತಿಯ ಸುರುಳಿಗಳು. ಅದೇ ಅವರ ವಿದ್ಯಾಪೀಠ.

“ಎಂತ ಮಾಷ್ಟ್ರೆ, ಗಾಳಿ ಬರುವುದಿಲ್ಲವಾ?” ಎಂದರು. ಮೋಟಾರು ಸತ್ತಿದೆಯೆಂದು ನಾನು ತೀರ್ಪನ್ನೇ ಹೇಳಿಬಿಟ್ಟೆ. ಅವರು ನಕ್ಕು, “ಸತ್ತದ್ದು ಹೇಗೂ ಓಡಿಹೋಗುವುದಿಲ್ಲ. ಮೊದಲು ಚರಿತ್ರೆ ಹೇಳಿ” ಎಂದರು. ಹೇಳಿದೆ. ಗಾಡಿಯನ್ನು ಮುಟ್ಟುವ ಮೊದಲೇ ಅವರಿಗೆ ಅರ್ಧ ತಿಳಿದಿತ್ತು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಬ್ಯಾಟರಿಯ ೧೨ ವೋಲ್ಟಿನ ವಿದ್ಯುತ್ತು ಫ್ಯೂಸು, ರಿಲೇಗಳನ್ನು ದಾಟಿ ಮೋಟಾರಿಗೆ ಬರುತ್ತದೆ. ವೇಗವನ್ನು ತಗ್ಗಿಸುವುದಕ್ಕೆ ಹಾದಿಯಲ್ಲಿ ರೆಸಿಸ್ಟರ್ ಇದೆ. ನಾಲೆಗೆ ಅಡ್ಡಲಾಗಿ ಸಣ್ಣ, ನಡು, ದೊಡ್ಡ ತೂಬುಗಳನ್ನಿಟ್ಟಂತೆ ಒಂದು, ಎರಡು, ಮೂರನೆಯ ಅಂಕಿಗಳು. ನಾಲ್ಕಕ್ಕೆ ತಿರುಗಿಸಿದರೆ ತೂಬುಗಳ ಹಂಗಿಲ್ಲದೆ ನೇರ ಹರಿವು. ಆದ್ದರಿಂದ ನಾಲ್ಕು ಮಾತ್ರ ಓಡಿ ಉಳಿದವು ಓಡದಿದ್ದರೆ ರೆಸಿಸ್ಟರ್ ಸುಟ್ಟಿದೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಉಳಿದವು ಓಡಿ ನಾಲ್ಕು ಮಾತ್ರ ಓಡದಿದ್ದರೆ ಆ ನೇರ ಹಾದಿಯ ಸ್ವಿಚ್ಚಿನಲ್ಲೋ ರಿಲೇಯಲ್ಲೋ ದೋಷ. ಯಾವುದೂ ಓಡದಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಭಾಗಗಳನ್ನು, ಎಂದರೆ ಫ್ಯೂಸು, ರಿಲೇ, ಮೋಟಾರು, ಅದರ ಕಪ್ಲರ್, ಅರ್ಥ್, ಇವನ್ನು ನೋಡಬೇಕು. ಅನ್ವಯಕ್ಕೆ ಒಗ್ಗದ ಪದ್ಯದಲ್ಲಿ ತಪ್ಪು ಪಾಠ ಯಾವ ಪದದಲ್ಲಿದೆಯೆಂದು ಹುಡುಕುವ ಕ್ರಮವೂ ಇದಕ್ಕಿಂತ ಬೇರೆಯಲ್ಲ.

“ಅರ್ಥ್ ಮೊದಲು ನೋಡಬೇಕು ಮಾಷ್ಟ್ರೆ. ಅರ್ಥ್ ಇಲ್ಲದಿದ್ದರೆ ಎಷ್ಟು ಕರೆಂಟು ಇದ್ದರೂ ವ್ಯರ್ಥ” ಎಂದರು. ಅಲಂಕಾರಶಾಸ್ತ್ರದ ತರಗತಿಯಲ್ಲಿ ನಾನು ವರ್ಷವಿಡೀ ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಅದರಲ್ಲಿ ಶ್ಲೇಷೆಯಿದೆಯೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅರ್ಥ್ ಸರಿಯಾಗಿತ್ತು.

ಆಮೇಲೆ ಫ್ಯೂಸಿನ ಪೆಟ್ಟಿಗೆ ತೆರೆದರು. ಇರಬೇಕಾದದ್ದು ೩೦ ಆಂಪಿಯರಿನ ಹಸಿರು ಫ್ಯೂಸು. ಇದ್ದದ್ದು ೪೦ರ ಕಿತ್ತಳೆ ಬಣ್ಣದ್ದು. ಅದು ಸುಟ್ಟಿರಲಿಲ್ಲ. “ಸುಟ್ಟಿಲ್ಲವಲ್ಲ, ಒಳ್ಳೆಯದೇ ಅಲ್ಲವೆ?” ಎಂದೆ. ಅವರ ಮುಖದ ನಗೆ ಮಾಯವಾಯಿತು.

“ಸುಡಬೇಕಾದದ್ದು ಸುಡಲಿಲ್ಲ. ಹಾಗಾದರೆ ಸುಡಬಾರದ್ದು ಎಲ್ಲೋ ಸುಟ್ಟಿದೆ. ನೋಡುವ.”

ಮೋಟಾರಿನ ಕಪ್ಲರನ್ನು ಬಿಚ್ಚಿ ಮೀಟರು ಹಿಡಿದರು. ೧೨.೪ ವೋಲ್ಟು. “ನೋಡಿ, ಇಲ್ಲಿಯವರೆಗೆ ವಿದ್ಯುತ್ತು ಬಂದಿದೆ; ಮೋಟಾರೇ ಸತ್ತಿದೆ” ಎಂದು ನಾನು ಮತ್ತೆ ಗೆದ್ದೆ. ಅವರು ಉತ್ತರ ಹೇಳದೆ, ಹೆಡ್‌ಲೈಟಿನ ೫೫ ವಾಟಿನ ಬಲ್ಬೊಂದನ್ನು ತಂದು, ಒಂದು ತುದಿಯನ್ನು ಕಪ್ಲರಿಗೂ ಇನ್ನೊಂದನ್ನು ಗಾಡಿಯ ಮೈಗೂ ಕೂಡಿಸಿದರು. ಬಲ್ಬು ಕೆಂಪಗೆ ಮಿಣುಕಿತು. ಮೀಟರು ೭ಕ್ಕೆ ಇಳಿಯಿತು. ಅದೇ ತಂತಿಯನ್ನು ಗೇಣುದ್ದ ಹಿಂದೆ ಸೂಜಿಯಿಂದ ಚುಚ್ಚಿ ಅಲ್ಲಿಗೆ ಬಲ್ಬನ್ನು ಕೂಡಿಸಿದರು. ಬಲ್ಬು ಝಗ್ಗನೆ ಬೆಳಗಿತು. ದೋಷ ಆ ಗೇಣಿನೊಳಗೇ ಇತ್ತು. ಮೀಟರು ತೀರ ಅಲ್ಪ ವಿದ್ಯುತ್ತನ್ನಷ್ಟೇ ಬೇಡುವುದರಿಂದ ಕೆಟ್ಟ ಕೂಡಿಕೆಯೂ ಅದರ ಮುಂದೆ ಸಾಚಾ ಎನಿಸಿಕೊಳ್ಳುತ್ತದೆ. ಭಾರ ಹೊರಿಸಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಬಲ್ಬಿಗೆ ಬೇಕಾದದ್ದು ಐದು ಆಂಪಿಯರಿಗೂ ಕಡಿಮೆ. ಅದಕ್ಕೇ ಈ ಗತಿಯಾದರೆ ಮೋಟಾರಿಗೆ ಏನು ಸಿಕ್ಕೀತು?

ಕಪ್ಲರನ್ನು ಸೀಳಿ ತೋರಿಸಿದರು. ಹೊರಗೆ ಏನೂ ಕಾಣದಿದ್ದ ಅದರ ಒಳಗೆ ಪ್ಲಾಸ್ಟಿಕ್ಕು ಕರಗಿ, ತಂತಿಯ ಬುಡ ಕರಿಕಟ್ಟಿತ್ತು. ನನ್ನ ತಾಯಿ ಹೇಳಿದ ವಾಸನೆ ಅಲ್ಲಿತ್ತು.

ಇದರ ಗುಟ್ಟನ್ನು ಬಿಡಿಸಿದವನು ಕೂಡ ನಮ್ಮಂತೆ ಒಬ್ಬ ಉಪಾಧ್ಯಾಯನೇ. ಜರ್ಮನಿಯ ಕೊಲೋನ್ ನಗರದ ಶಾಲೆಯಲ್ಲಿ ಗಣಿತ, ಭೌತವಿಜ್ಞಾನಗಳನ್ನು ಕಲಿಸುತ್ತಿದ್ದ ಜಾರ್ಜ್ ಸೈಮನ್ ಓಮ್ ೧೮೨೭ರಲ್ಲಿ ತನ್ನ ನಿಯಮವನ್ನು ವಿವರಿಸುವ ಪುಸ್ತಕ ಪ್ರಕಟಿಸಿದ. ಆಗ ಅವನಿಗೆ ತಕ್ಕ ಮನ್ನಣೆ ದೊರೆಯಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟದ್ದು ೧೮೪೧ರಲ್ಲಿ. ಅವನ ನಿಯಮದಂತೆ ಲೆಕ್ಕ ಹಾಕೋಣ. ಸಡಿಲ ಕೂಡಿಕೆಯೊಂದರಲ್ಲಿ ಓಮಿನ ಹತ್ತರಲ್ಲೊಂದು ಪಾಲು ತಡೆಯಿದೆ, ೧೫ ಆಂಪಿಯರ್ ಹರಿಯುತ್ತಿದೆ ಎನ್ನಿ. ಒಂದೂವರೆ ವೋಲ್ಟು ಅಲ್ಲೇ ಸೋರಿಹೋಗಿ, ೨೨.೫ ವಾಟಿನಷ್ಟು ಶಾಖವಾಗುತ್ತದೆ. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಕಡ್ಡಿ ೨೫ ವಾಟಿನದು. ಅಂಥದೊಂದನ್ನು ಹೊತ್ತಿಸಿ ಡ್ಯಾಷ್‌ಬೋರ್ಡಿನ ಕೆಳಗೆ ಇಟ್ಟಂತಾಯಿತು. ಹರಿವು ೨೫ ಆಂಪಿಯರಿಗೆ ಏರಿದರೆ ಶಾಖ ೬೨.೫ ವಾಟ್. ಹರಿವಿನ ಜೊತೆ ಶಾಖ ಏರುವುದಿಲ್ಲ, ಹರಿವಿನ ವರ್ಗದ ಜೊತೆ ಏರುತ್ತದೆ.

ಹಾಗಾದರೆ ಹರಿವು ಏರಿದ್ದೇಕೆ? ಮಿಸ್ತ್ರಿ ಮೋಟಾರನ್ನು ಕಳಚಿ ಬ್ಯಾಟರಿಗೆ ನೇರವಾಗಿ, ನಡುವೆ ಒಂದು ಫ್ಯೂಸನ್ನಿಟ್ಟು, ಕೂಡಿಸಿದರು. ಅದು ನರಳುತ್ತ ತಿರುಗಿತು. ಮೀಟರು ೨೬ ಆಂಪಿಯರ್ ತೋರಿಸಿತು. ಅಂಥದೇ ಹೊಸ ಮೋಟಾರು ತೆಗೆದುಕೊಂಡದ್ದು ೧೬. ಪಂಖದ ಅಲಗುಗಳ ನಡುವೆ ಗುಲ್‌ಮೊಹರಿನ ಒಣ ಎಲೆಗಳು ಇಟ್ಟಣಿಸಿದ್ದವು. ಗಾಜಿನ ಬುಡದ ಜಾಲರಿಯಿಂದ ನೀರು ಇಳಿದು ಬೇರಿಂಗು ತುಕ್ಕು ಹಿಡಿದಿತ್ತು. ಕಾಲೇಜಿನ ಅಂಗಳದಲ್ಲಿ ನೆರಳಿಗೆಂದು ನಾನು ಗಾಡಿ ನಿಲ್ಲಿಸುತ್ತಿದ್ದದ್ದು ಆ ಮರದ ಕೆಳಗೇ. ಬಿಗಿದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯಿತು, ರೆಸಿಸ್ಟರ್ ಸುಟ್ಟಿತು, ಫ್ಯೂಸು ಎಚ್ಚರಿಸಿತು. ನಾವು ಎಚ್ಚರಿಸಿದವನನ್ನು ಕೆಲಸದಿಂದ ತೆಗೆದು, ಕಿವುಡನೊಬ್ಬನನ್ನು ಕಾವಲಿಗೆ ಇಟ್ಟೆವು. ಫ್ಯೂಸು ಇರುವುದು ತಂತಿಗಿಂತ ಮೊದಲು ತಾನು ಸಾಯುವುದಕ್ಕೆ. ಅದನ್ನು ಬಲಪಡಿಸಿದರೆ ಸಾಯುವ ಸರದಿ ತಂತಿಗೆ ಬರುತ್ತದೆ. ಆ ತಂತಿಯ ಸುತ್ತ ಇರುವುದು ಪ್ಲಾಸ್ಟಿಕ್ಕು, ಬಟ್ಟೆ. ಅದರ ಹಿಂದೆ ಕುಳಿತವರು ನಮ್ಮ ಮಕ್ಕಳು. ನಮ್ಮ ಗಾಡಿಯಲ್ಲಿ ಕರಗಿದ್ದು ಕಪ್ಲರ್ ಮಾತ್ರ. ಅದು ನಮ್ಮ ಪುಣ್ಯ.

ಗೃಹಸ್ಥರಾದ ವಾಚಕರಿಗೆ ಇಷ್ಟು ಹೇಳಬಹುದು. ಬ್ಲೋವರ್ ಕೆಟ್ಟಾಗ ಯಾವ ಯಾವ ಅಂಕಿಯಲ್ಲಿ ಓಡುತ್ತದೆಂದು ಬರೆದಿಟ್ಟುಕೊಳ್ಳಿ. ರಿಪೇರಿಯವನಿಗೆ ಅದೇ ಅರ್ಧ ಉತ್ತರ. ತಟ್ಟಿದರೆ ಓಡುವ ಮೋಟಾರಿನ ಬ್ರಷ್ಷುಗಳು ಸವೆದಿರುವುದು ಸಾಮಾನ್ಯ. ರಸ್ತೆಯ ಗುಂಡಿಯಲ್ಲಿ ಕುಲುಕಿದಾಗ ನಿಂತು ನಿಂತು ಓಡಿದರೆ ಕೂಡಿಕೆ ಸಡಿಲ. ರೆಸಿಸ್ಟರ್ ಎರಡನೆಯ ಸಲ ಸುಟ್ಟರೆ ಮೂರನೆಯದನ್ನು ಕೊಳ್ಳುವ ಮೊದಲು ಮೋಟಾರು ಎಷ್ಟು ಎಳೆಯುತ್ತದೆಂದು ಅಳೆಸಿರಿ. ತನ್ನಷ್ಟಕ್ಕೆ ಉಷ್ಣತೆಯನ್ನು ಕಾಯುವ ಹೊಸ ಗಾಡಿಗಳಲ್ಲಿ ರೆಸಿಸ್ಟರಿನ ಬದಲು ಎಲೆಕ್ಟ್ರಾನಿಕ್ ಘಟಕವಿರುತ್ತದೆ. ಅಲ್ಲಿ ಬಲ್ಬಿನ ಪರೀಕ್ಷೆಯನ್ನು ತಿಳಿದವರಿಗೇ ಬಿಡಿ. ಡ್ಯಾಷ್‌ಬೋರ್ಡಿನ ಕೆಳಗಿನ ಹಳದಿ ಕಪ್ಲರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬೇಡಿ. ಫ್ಯೂಸಿನ ಮೇಲೆ ಬರೆದ ಅಂಕಿಯನ್ನು ಮಾತ್ರ ಯಾರ ಮಾತಿಗೂ ಏರಿಸಬೇಡಿ.

ಹೊಸ ಮೋಟಾರು, ಹೊಸ ಕಪ್ಲರ್, ೩೦ರ ಹಸಿರು ಫ್ಯೂಸು ಹಾಕಿಸಿಕೊಂಡು ಹೊರಟೆವು. ಮರಳುವಾಗಲೂ ಆಗುಂಬೆಯಲ್ಲಿ ಮಳೆಯಿತ್ತು, ಗಾಜು ತಿಳಿಯಾಗಿತ್ತು. ಕರಗಿದ ಕಪ್ಲರನ್ನು ತಾಯಿಗೆ ತೋರಿಸಿ, “ನೀನು ಹೇಳಿದ್ದು ಇದೇ ಅಮ್ಮಾ, ನಾನು ಕೇಳಬೇಕಾಗಿತ್ತು” ಎಂದೆ. ಅವರು ಅದನ್ನು ಮೂಸಿ ನೋಡಿ ನನಗೇ ಹಿಂದಿರುಗಿಸಿದರು.

“ಮೂಗಿಗೆ ಎಂ.ಎ. ಬೇಕಾಗಿಲ್ಲವಪ್ಪ. ರಸ್ತೆ ನೋಡಿಕೊಂಡು ಓಡಿಸು.”