ಹಿಡಿತ ಬಿಡಿಸಿಕೊಳ್ಳುವ ವಿದ್ಯೆ: ಹೆಣ್ಣುಮಕ್ಕಳು ಯಾವ ಸಮರಕಲೆ ಕಲಿಯಬೇಕು?

ಸಮರಕಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕರಾಟೆ, ಟೇಕ್ವಾಂಡೊ, ಬಾಕ್ಸಿಂಗ್ ಹೊಡೆತದ ಕಲೆಗಳು. ಕುಸ್ತಿ, ಜೂಡೊ, ಜುಜುತ್ಸು ಪಟ್ಟಿನ ಕಲೆಗಳು. ತುಮಕೂರು ಜಿಲ್ಲೆಯ ವೈ.ಎನ್. ಹೊಸಕೋಟೆಯಿಂದ ಶಿರಾ, ಮಧುಗಿರಿ, ಕೊರಟಗೆರೆವರೆಗೆ ಸಮರಕಲೆ ಎಂದರೆ ಮೊದಲು ನೆನಪಾಗುವುದು ಕರಾಟೆ. ಆದರೆ ಆತ್ಮರಕ್ಷಣೆಗಾಗಿ ಕಲಿಯುವ ಹೆಣ್ಣುಮಕ್ಕಳಿಗೆ ಹಿಡಿತ ಬಿಡಿಸಿಕೊಳ್ಳುವುದನ್ನು, ನೆಲಕ್ಕೆ ಬಿದ್ದರೆ ಎದ್ದು ಬರುವುದನ್ನು ಕಲಿಸುವ ಕಲೆಯೇ ಮೊದಲ ಆಯ್ಕೆಯಾಗಬೇಕು.

ಇದಕ್ಕೆ ಕಾರಣ ದಾಳಿಯ ಸ್ವರೂಪದಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳ ಪ್ರಕಾರ, ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಹೆಣ್ಣಿಗೆ ಪರಿಚಿತನೇ ಆಗಿರುತ್ತಾನೆ. ಪರಿಚಿತನಾದವನು ನಾಲ್ಕು ಹೆಜ್ಜೆ ದೂರ ನಿಂತು ಕಾಳಗಕ್ಕೆ ಕರೆಯುವುದಿಲ್ಲ. ಮಾತಾಡುತ್ತಲೇ ಹತ್ತಿರ ಬರುತ್ತಾನೆ, ಕೈ ಹಿಡಿಯುತ್ತಾನೆ, ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಅಷ್ಟು ಹತ್ತಿರದಲ್ಲಿ ಕಾಲೆತ್ತಿ ಒದೆಯಲು ಜಾಗವೇ ಇರುವುದಿಲ್ಲ.

ಮುಂಗೈ ಹಿಡಿದಾಗ ಆಗುವುದನ್ನೇ ನೋಡಬಹುದು. ಹಿಡಿದವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂಟಿಯಾಗಿ ಇನ್ನೊಂದು ಕಡೆ ಇರುತ್ತವೆ. ಹಿಡಿತ ಸಡಿಲವಿರುವುದು ಅವುಗಳ ನಡುವಿನ ಸಂದಿಯಲ್ಲಿ. ಅಭ್ಯಾಸವಿಲ್ಲದವರು ಗಾಬರಿಯಿಂದ ಕೈಯನ್ನು ನೇರ ಹಿಂದಕ್ಕೆ ಎಳೆಯುತ್ತಾರೆ, ಆಗ ನಾಲ್ಕು ಬೆರಳ ಬಲವೂ ಎದುರಾಗುತ್ತದೆ. ಕಲಿತವಳು ಮುಂಗೈಯ ತೆಳು ಅಂಚು ಆ ಸಂದಿಗೆ ಬರುವಂತೆ ಕೈ ತಿರುಗಿಸುತ್ತಾಳೆ, ತನ್ನ ಮೊಣಕೈಯನ್ನು ಅವನ ಮೊಣಕೈ ಕಡೆಗೆ ಮಡಿಸಿ, ಮೈಭಾರವನ್ನೆಲ್ಲ ಹಾಕಿ ಒಮ್ಮೆಲೇ ಕಿತ್ತುಕೊಳ್ಳುತ್ತಾಳೆ. ಇದನ್ನು ತಿಳಿಯಲು ಐದು ನಿಮಿಷ ಸಾಕು. ಗಟ್ಟಿಯಾಗಿ ಹಿಡಿದು ಬಿಡದೆ ಎಳೆದಾಡುವ ಜೊತೆಗಾರರ ಮೇಲೆ ನೂರಾರು ಸಲ ಮಾಡಿದ ಮೇಲೆಯೇ ಅದು ಕೈಗೆ ಹತ್ತುತ್ತದೆ.

ಜೂಡೊ ಮತ್ತು ಕುಸ್ತಿಯಲ್ಲಿ ಇಂಥ ಅಭ್ಯಾಸ ದಿನವೂ ನಡೆಯುತ್ತದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೊ ಶಾಲೆ ತೆರೆದರು, 1926ರಲ್ಲಿ ಅಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ವಿಭಾಗ ಶುರುವಾಯಿತು. ಜೂಡೊದಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು: ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ, ಚಾಚಿದ ಕೈಯ ಮೇಲೆ ಭಾರ ಬೀಳದಂತೆ. ಈ ಒಂದು ಪಾಠ ಬಚ್ಚಲಲ್ಲಿ ಜಾರಿದಾಗಲೂ ಮೂಳೆ ಉಳಿಸೀತು. ನಮ್ಮ ನಾಡಿನಲ್ಲಿ ಕುಸ್ತಿಗೆ ದೊಡ್ಡ ಪರಂಪರೆಯಿದೆ, ಆದರೆ ಗರಡಿಮನೆಯ ಹೊಸ್ತಿಲು ಬಹುಕಾಲ ಹೆಣ್ಣಿಗೆ ಮುಚ್ಚಿಯೇ ಇತ್ತು. ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿದ್ದು 2004ರಲ್ಲಿ, ಭಾರತದ ಸಾಕ್ಷಿ ಮಲಿಕ್ ಅಲ್ಲಿ ಕಂಚು ಗೆದ್ದದ್ದು 2016ರಲ್ಲಿ. ಈಗ ಮೈಸೂರು ದಸರಾ ಕುಸ್ತಿಯಲ್ಲೂ ಹೆಣ್ಣುಮಕ್ಕಳು ಅಖಾಡಕ್ಕಿಳಿಯುತ್ತಾರೆ.

ಹಾಗೆಂದು ಕರಾಟೆಯನ್ನು ತಳ್ಳಿಹಾಕುವಂತಿಲ್ಲ. ಊರಿನಲ್ಲಿ ಇರುವುದು ಕರಾಟೆ ತರಗತಿ ಒಂದೇ ಆದರೆ ಅದನ್ನೇ ಸೇರಬೇಕು. ದೂರದ ಊರಿನ ಜೂಡೊಗಿಂತ ಸಂಜೆ ಆರಕ್ಕೆ ನಡೆದು ಹೋಗಿ ಬರಬಹುದಾದ ಕರಾಟೆ ಮೇಲು, ಏಕೆಂದರೆ ಬಸ್ಸು ತಪ್ಪಿದ ದಿನವೇ ಕಲಿಕೆಯೂ ತಪ್ಪುತ್ತದೆ. ಆದರೆ ಸಾಲಾಗಿ ನಿಂತು ಗಾಳಿಗೆ ಗುದ್ದುವ ಕಟಾ ಒಂದೇ ಆದರೆ ಸಾಲದು. ಎದುರಾಳಿಯೊಂದಿಗಿನ ಕುಮಿಟೆ ಬೇಕು, ಹಿಡಿತ ಬಿಡಿಸುವ ಪಾಠ ಬೇಕು. ಬರಿ ಮುಷ್ಟಿಯಿಂದ ತಲೆಗೆ ಗುದ್ದಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವುದುಂಟು. ಹಾಗಾಗಿ ಅಂಗೈಯ ಬುಡದಿಂದ ಹೊಡೆಯುವುದನ್ನೂ ಕಲಿಸಬೇಕು. ಕೊರಳಿಗೆ ಸುತ್ತಿದ ದುಪಟ್ಟಾ ಹಿಡಿದೆಳೆದರೆ, ಸೀರೆ ಕಾಲಿಗೆ ತೊಡರಿದರೆ ಏನು ಮಾಡಬೇಕೆಂಬುದು ಬಿಳಿ ಸಮವಸ್ತ್ರದಲ್ಲಿ ತಿಳಿಯುವುದಿಲ್ಲ. ತಿಂಗಳಿಗೆ ಒಂದೆರಡು ದಿನವಾದರೂ ದಿನನಿತ್ಯದ ಉಡುಪಿನಲ್ಲೇ ಅಭ್ಯಾಸ ನಡೆಯಬೇಕು.

ದೇಹದಾರ್ಢ್ಯದ ವಿಷಯದಲ್ಲಿ ಈ ಭಾಗದ ಹೆಣ್ಣುಮಕ್ಕಳ ಸ್ಥಿತಿಯನ್ನು ನೋಡಿಯೇ ಆಯ್ಕೆ ಮಾಡಬೇಕು. ವೈ.ಎನ್. ಹೊಸಕೋಟೆ ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಮಗ್ಗದ ಮುಂದೆ ಬಾಗಿ ಕೂತು ದಿನ ಕಳೆಯುವವರಿಗೆ ಬೆನ್ನು, ಕುತ್ತಿಗೆ ಬಿಗಿಯುತ್ತವೆ. ಕಡಲೆಕಾಯಿ ಗಿಡ ಕೀಳುವ ಕೈಗಳಿಗೆ ಹಿಡಿತದ ಬಲ ಮೊದಲೇ ಇರುತ್ತದೆ, ಓಡುವ ದಮ್ಮು ಇರಲಿಕ್ಕಿಲ್ಲ. ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದು ಹೆಚ್ಚಾಗಿ ಮೈಗೆ ಸೇರಿದವರಿಗೆ ಕೀಲು ಮತ್ತು ಬೆನ್ನುಹುರಿಯ ಸುತ್ತಲ ಮೂಳೆ ಗಡುಸಾಗಿರಬಹುದು. ಅಂಥವರನ್ನು ಎತ್ತಿ ಒಗೆಯುವ ಪಟ್ಟುಗಳಿಗೆ ಇಳಿಸುವುದು ತಪ್ಪು, ವೈದ್ಯರನ್ನು ಕೇಳಿಯೇ ಶುರುಮಾಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ತರಗತಿಗೆ ಸೇರಿಸುವ ಮನೆಯವರು ತಟ್ಟೆಯ ಸೊಪ್ಪು, ಕಾಳು, ಮೊಟ್ಟೆಯ ಕಡೆಗೂ ಗಮನ ಕೊಡಬೇಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೊಂದು ಗಂಟೆಯ ಮೂರು ತರಗತಿಗಳಲ್ಲಿ ಅಷ್ಟು ತುಂಬುತ್ತದೆ.

ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಸಮಗ್ರ ಶಿಕ್ಷಣದಡಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯಿದೆ. ಒಳ್ಳೆಯ ಆರಂಭವಾದರೂ ಅಷ್ಟಕ್ಕೇ ನಿಲ್ಲಿಸಬಾರದು, ಏನು ಕಲಿಸುತ್ತಾರೆ ಎಂಬುದೂ ಮುಖ್ಯ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 12 ಗಂಟೆಗಳ ತರಬೇತಿ ಪಡೆದ ವಿದ್ಯಾರ್ಥಿನಿಯರ ಪೈಕಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಶೇ. 5.2. ತರಬೇತಿ ಇಲ್ಲದವರಲ್ಲಿ ಈ ಪ್ರಮಾಣ ಶೇ. 9.8. ಆ ತರಬೇತಿಯಲ್ಲಿ ಹೊಡೆತಕ್ಕೆ ಮೀಸಲಾದ ಸಮಯ ಕಡಿಮೆ. ಪರಿಚಿತನ ನಡೆಯಲ್ಲಿ ಅಪಾಯ ಗುರುತಿಸುವುದಕ್ಕೆ, ಸಂಕೋಚ ಬಿಟ್ಟು ಗಟ್ಟಿಯಾಗಿ ಬೇಡ ಎನ್ನುವುದಕ್ಕೆ ಹೆಚ್ಚು ಒತ್ತು ಇತ್ತು. ನೆರೆಯ ಚಿತ್ರದುರ್ಗದ ಓಬವ್ವನ ಕಥೆಯಲ್ಲಿ ಎಲ್ಲರೂ ಒನಕೆಯನ್ನು ನೆನೆಯುತ್ತಾರೆ. ಆದರೆ ಶತ್ರುಗಳು ಒಬ್ಬೊಬ್ಬರೇ ನುಸುಳಿ ಬರಬೇಕಾದ ಕೋಟೆಯ ಕಿಂಡಿಯ ಬಾಯಲ್ಲಿ ನಿಂತದ್ದು ಅವಳ ಜಾಣತನ.

ಕಾನೂನೂ ಹೆಣ್ಣಿನ ಪರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬುದು ಅದರ ಒಂದು ಮಿತಿ. ಬಿಡಿಸಿಕೊಂಡ ಮರುಕ್ಷಣ ಓಡಬೇಕು, ಕೂಗಬೇಕು, 112ಕ್ಕೆ ಕರೆ ಮಾಡಬೇಕು.

ಮಗಳನ್ನು ಸೇರಿಸುವ ಮುನ್ನ ತಾಯಿ ತಂದೆ ಒಂದು ಸಂಜೆ ತರಗತಿಯ ಬದಿಯಲ್ಲಿ ಪೂರ್ತಿ ಒಂದು ಗಂಟೆ ಕೂತು ನೋಡಬೇಕು. ಕೂತು ನೋಡಲು ಬಿಡದ ಕಡೆ ಶುಲ್ಕ ಕಟ್ಟಬೇಡಿ.