ತಂತಿ ಬಿದ್ದರೂ ಲೈನ್ ಯಾಕೆ ಟ್ರಿಪ್ ಆಗಲಿಲ್ಲ?

ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರಿಹೊಲ ಒಣಗಿ ಬಿರುಕು ಬಿಟ್ಟಿರುತ್ತದೆ. ಅಲ್ಲಿ 11 ಕೆವಿ ತಂತಿ ಹರಿದು ಬಿದ್ದರೆ ಲೈನ್ ತಾನಾಗಿ ಟ್ರಿಪ್ ಆಗಬೇಕಲ್ಲ? ಪ್ರತಿ ಸಲ ಆಗುವುದಿಲ್ಲ.

ಸಬ್‌ಸ್ಟೇಷನ್ನಿನ ರಿಲೇ ಮೂರೂ ಫೇಸಿನ ಕರೆಂಟ್ ಕೂಡಿಸಿ ನೋಡುತ್ತದೆ. ಮೂರೂ ಸಮ ಇದ್ದರೆ ಮೊತ್ತ ಸೊನ್ನೆ. ಏನಾದರೂ ಉಳಿದರೆ ನೆಲಕ್ಕೆ ಸೋರಿದೆ ಅಂತ ಲೆಕ್ಕ. ಆದರೆ ಒಣ ನೆಲದಲ್ಲಿ ಕರೆಂಟ್ ಸಲೀಸಾಗಿ ಹರಿಯಲ್ಲ. ಸೋರಿಕೆ ಕೆಲವೇ ಆಂಪಿಯರ್ ಇರಬಹುದು.

ರಿಲೇಯನ್ನು ಇನ್ನಷ್ಟು ಸೂಕ್ಷ್ಮ ಮಾಡಿದರಾಯ್ತಲ್ಲ ಅಂತೀರಾ? ತೊಡಕು ಅಲ್ಲೇ ಇದೆ. ರಿಲೇಗೆ ಅಳತೆ ಕೊಡುವುದು ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ. ಮೂರರಲ್ಲಿ ಒಂದರ ಕೋನ ಬರೀ 1 ಡಿಗ್ರಿ ತಪ್ಪಿದರೂ 100 ಆಂಪಿಯರ್ ಲೋಡಿಗೆ ಸುಮಾರು 1.7 ಆಂಪಿಯರ್ ಸುಳ್ಳು ಸೋರಿಕೆ ಕಾಣುತ್ತದೆ. ಸುಳ್ಳಿಗೆಲ್ಲ ಟ್ರಿಪ್ ಆದರೆ ಪಂಪ್‌ಸೆಟ್ ನಡೆಯೋದು ಹೇಗೆ? ಅದಕ್ಕೇ ಸಿ.ಟಿ. ಪರೀಕ್ಷೆಯಲ್ಲಿ ಕೋನದ ತಪ್ಪನ್ನು ಡಿಗ್ರಿಯ 60ನೇ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ.

ಊರಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ: ಬಿದ್ದ ತಂತಿ ಕಿಡಿ ಕಾರದಿದ್ದರೂ ಅದರಲ್ಲಿ ಕರೆಂಟ್ ಇದೆ ಅಂತಲೇ ತಿಳೀರಿ. ಹತ್ತಿರ ಹೋಗಬೇಡಿ, ದನಗಳನ್ನೂ ಬಿಡಬೇಡಿ. ದೂರ ನಿಂತು ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.